ಕನ್ನಡಕದ ಕಲಿ

1882ನೆಯ ಇಸವಿಯ ಜನವರಿ ತಿಂಗಳು. ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ಶಾಸನಸಭೆಗೆ ಇಪ್ಪತ್ತಮೂರು ವರ್ಷದ ತರುಣನೊಬ್ಬ ಹೊಸ ಸದಸ್ಯನಾಗಿ ಬಂದ. ತೆಳ್ಳನೆಯ ಮೈಕಟ್ಟು, ಮೂಗಿನ ಮೇಲೆ ಕನ್ನಡಕ, ಶ್ರೀಮಂತ ಮನೆತನದ ಠೀವಿಯ ಉಡುಪು. ಬಾಯಿ ತೆರೆದರೆ ಕೀಚಲು ಧ್ವನಿ. ರಾಜಕಾರಣದಲ್ಲಿ ಪಳಗಿದ ಹಳೆಯ ಹುಲಿಗಳಿಗೆ ನಗುವುದಕ್ಕೆ ಇನ್ನೇನು ಬೇಕು? ಐರಿಷ್ ಸಾಹಿತಿ ಆಸ್ಕರ್ ವೈಲ್ಡ್ ಅದೇ ತಿಂಗಳು ಭಾಷಣಯಾತ್ರೆಗೆಂದು ಅಮೆರಿಕೆಗೆ ಬಂದಿಳಿದಿದ್ದ. ಅವನ ಉಡುಪೂ ನಯನಾಜೂಕಿನ ನಡೆನುಡಿಯೂ ಪತ್ರಿಕೆಗಳಿಗೆ ಹಾಸ್ಯದ ಸರಕಾಗಿದ್ದುವು. ಈ ಹೊಸ ಸದಸ್ಯನಿಗೂ ಆ ಹೆಸರನ್ನೇ ಅಂಟಿಸಿಬಿಟ್ಟರು. ಈತ ಗಂಡಸರ ಸಾಲಿಗೆ ಸೇರಿದವನಲ್ಲ ಎಂಬುದೇ ಆ ಅಡ್ಡಹೆಸರಿನ ಇಂಗಿತ.

ಆ ತರುಣನೇ ಥಿಯೊಡೋರ್ ರೂಸ್‌ವೆಲ್ಟ್. ಹತ್ತೊಂಬತ್ತು ವರ್ಷಗಳು ಕಳೆಯುವಷ್ಟರಲ್ಲಿ ಆತ ಅಮೆರಿಕೆಯ ಅಧ್ಯಕ್ಷನಾಗಿದ್ದ. ಗಂಡುಗಲಿ ಎಂಬ ಮಾತಿಗೆ ಆ ದೇಶದಲ್ಲಿ ಅವನೇ ಮಾದರಿಯಾಗಿದ್ದ. ನಡುವೆ ನಡೆದದ್ದಾದರೂ ಏನು? ಧ್ವನಿ ಕೀಚಲಾಗಿಯೇ ಉಳಿದಿತ್ತು; ಕನ್ನಡಕವೂ ಮೂಗನ್ನು ಬಿಟ್ಟಿರಲಿಲ್ಲ. ಬದಲಾದದ್ದು ಜನರ ಮನಸ್ಸಿನಲ್ಲಿದ್ದ ಚಿತ್ರ. ಅದನ್ನು ಬಿಡಿಸಿದವನು ಬಹುಮಟ್ಟಿಗೆ ರೂಸ್‌ವೆಲ್ಟನೇ.

1858ರಲ್ಲಿ ಹುಟ್ಟಿದ ಆ ಮಗುವಿಗೆ ಉಬ್ಬಸದ ಬಾಧೆ. ರಾತ್ರಿಯ ವೇಳೆ ಉಸಿರು ಕಟ್ಟಿದಾಗ ತಂದೆ ಅವನನ್ನು ಎತ್ತಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡುತ್ತಿದ್ದ. ಬುದ್ಧಿಯನ್ನೇನೋ ದೇವರು ಕೊಟ್ಟಿದ್ದಾನೆ, ಮೈಯನ್ನು ಮಾತ್ರ ನೀನೇ ಕಟ್ಟಿಕೊಳ್ಳಬೇಕು ಎಂಬುದು ತಂದೆಯ ಉಪದೇಶ. ಮನೆಯಲ್ಲಿಯೇ ವ್ಯಾಯಾಮಶಾಲೆ ಸಿದ್ಧವಾಯಿತು. ಹುಡುಗ ಬೆವರು ಸುರಿಸಿದ, ಮುಷ್ಟಿಯುದ್ಧವನ್ನೂ ಕಲಿತ. ತಂದೆಯೆಂದರೆ ಅವನಿಗೆ ದೇವರಿಗೆ ಸಮಾನ. ಆದರೆ ಆ ದೇವರಲ್ಲಿಯೂ ಒಂದು ಕೊರತೆ ಉಳಿದುಹೋಗಿತ್ತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆತ ಕತ್ತಿ ಹಿಡಿಯಲಿಲ್ಲ. ಹೆಂಡತಿಯ ತವರು ದಕ್ಷಿಣ. ಅವಳ ಸೋದರರು ಎದುರು ಪಕ್ಷದವರು. ಹಣ ಕೊಟ್ಟು ತನ್ನ ಬದಲಿಗೆ ಬೇರೊಬ್ಬನನ್ನು ಕಳುಹಿಸಿದ. ಕಾನೂನು ಇದಕ್ಕೆ ಅವಕಾಶವಿತ್ತಿತ್ತು. ಆದರೆ ಮಗನ ಮನಸ್ಸು ಕಾನೂನಿನ ಪುಸ್ತಕವಲ್ಲ.

1884ರ ಫೆಬ್ರವರಿ 14ರಂದು, ಒಂದೇ ಮನೆಯಲ್ಲಿ, ರೂಸ್‌ವೆಲ್ಟನ ತಾಯಿಯೂ ಎಳೆಯ ಹೆಂಡತಿಯೂ ತೀರಿಕೊಂಡರು. ಹುಟ್ಟಿ ಎರಡೇ ದಿನವಾಗಿದ್ದ ಹೆಣ್ಣುಕೂಸನ್ನು ಅಕ್ಕನ ವಶಕ್ಕೆ ಒಪ್ಪಿಸಿ, ದುಃಖತಪ್ತನಾದ ಆತ ಪಶ್ಚಿಮದ ಡಕೋಟಾ ಬಯಲಿಗೆ ಹೊರಟುಹೋದ. ಅಲ್ಲಿ ದನ ಸಾಕುವ ವ್ಯಾಪಾರದಲ್ಲಿ ಮೊದಲೇ ಹಣ ತೊಡಗಿಸಿದ್ದ. ಅಲ್ಲಿನ ದನಗಾಹಿಗಳೂ ನಕ್ಕರು. ನಾಲ್ಕು ಕಣ್ಣಿನವನೆಂದು ಕರೆದರು. ಒಂದು ರಾತ್ರಿ ಪಾನಗೃಹದಲ್ಲಿ ಪಿಸ್ತೂಲು ಹಿಡಿದ ಕುಡುಕನೊಬ್ಬ, ಎಲ್ಲರಿಗೂ ಈ ನಾಲ್ಕು ಕಣ್ಣಿನವನೇ ಕುಡಿಸಬೇಕೆಂದು ಗದರಿಸಿದಾಗ ರೂಸ್‌ವೆಲ್ಟ್ ಎದ್ದುನಿಂತು ಅವನನ್ನು ಗುದ್ದಿ ಕೆಡವಿದನಂತೆ. ಈ ಕಥೆಯನ್ನು ಆತ್ಮಕಥೆಯಲ್ಲಿ ಬರೆದವನೂ ಅವನೇ ಎಂಬುದನ್ನು ಓದುಗರು ನೆನಪಿನಲ್ಲಿಡತಕ್ಕದ್ದು!

1885ರಲ್ಲಿ ತೆಗೆಸಿದ ಒಂದು ಛಾಯಾಚಿತ್ರ ಬಹಳ ಪ್ರಸಿದ್ಧವಾಗಿದೆ. ಮೈಮೇಲೆ ಜಿಂಕೆಯ ಚರ್ಮದ ಉಡುಪು, ಕೈಯಲ್ಲಿ ಬಂದೂಕು, ನಡುವಿನಲ್ಲಿ ಚೂರಿ, ಕಾಲಡಿಯಲ್ಲಿ ಹುಲ್ಲು. ನೋಡಿದವರಿಗೆ ಕಾಡೇ ಕಣ್ಣೆದುರು ಬಂದಂತಾಗುತ್ತದೆ. ಆದರೆ ಅದನ್ನು ತೆಗೆದದ್ದು ನ್ಯೂಯಾರ್ಕ್ ನಗರದ ಛಾಯಾಚಿತ್ರ ಮಂದಿರದೊಳಗೆ. ಬೆಳ್ಳಿಯ ಚೂರಿಯನ್ನು ಮಾಡಿಕೊಟ್ಟವರು ಅದೇ ನಗರದ ಹೆಸರಾಂತ ಆಭರಣ ವ್ಯಾಪಾರಿಗಳಾದ ಟಿಫಾನಿಯವರು. ಬೇಟೆಯ ವಿಷಯವಾಗಿ ರೂಸ್‌ವೆಲ್ಟ್ ಬರೆದ ಪುಸ್ತಕದ ಮೊದಲಿಗೆ ಈ ವೇಷದ ಚಿತ್ರವೇ ಅಚ್ಚಾಯಿತು.

ಹಾಗಾದರೆ ಎಲ್ಲವೂ ಬಣ್ಣದ ವೇಷವೇ? ಹಾಗೆನ್ನುವುದು ಅನ್ಯಾಯ. ಡಕೋಟಾದಲ್ಲಿ ಆತ ದಿನಗಟ್ಟಲೆ ಕುದುರೆಯ ಮೇಲೆಯೇ ಕಳೆದದ್ದು ನಿಜ. 1886ರಲ್ಲಿ ತನ್ನ ದೋಣಿಯನ್ನು ಕದ್ದ ಮೂವರನ್ನು ಹಿಮಗಡ್ಡೆಗಳು ತೇಲುತ್ತಿದ್ದ ನದಿಯಲ್ಲಿ ಬೆನ್ನಟ್ಟಿ ಹಿಡಿದು ತಂದದ್ದೂ ನಿಜ. ಆ ಪ್ರಯಾಣದಲ್ಲಿ ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನಾ' ಕಾದಂಬರಿಯನ್ನು ಓದಿದನೆಂಬುದು ಇನ್ನೂ ಸೊಗಸಾದ ಸಂಗತಿ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಈತನಿಗೆ ಸಲ್ಲದು. ಆದರೆ ತಾನು ಮಾಡಿದ್ದನ್ನು ನಾಲ್ಕು ಜನ ನೋಡುವಂತೆ ಮಾಡುವ ಕಲೆಯೂ ಅವನಿಗೆ ಕರಗತವಾಗಿತ್ತು.

ಮತದಾರರು ಮಾತ್ರ ಕೂಡಲೇ ಮರುಳಾಗಲಿಲ್ಲ. ಡಕೋಟಾದ ದನಗಾಹಿಯೆಂಬ ಬಿರುದಿನೊಡನೆ 1886ರಲ್ಲಿ ನ್ಯೂಯಾರ್ಕ್ ನಗರಾಧ್ಯಕ್ಷ ಪದವಿಗೆ ನಿಂತಾಗ ಅವನಿಗೆ ದೊರಕಿದ್ದು ಮೂರನೆಯ ಸ್ಥಾನ. ಆ ಚಳಿಗಾಲದ ಹಿಮಪಾತದಲ್ಲಿ ಡಕೋಟಾದ ದನಗಳೂ ಬಹುಪಾಲು ಸತ್ತುಹೋದುವು.

ಆದರೆ ಕಾಲ ಅವನ ಕಡೆಗೆ ತಿರುಗುತ್ತಿತ್ತು. ಅಮೆರಿಕೆಯ ನಗರಗಳು ಬೆಳೆಯುತ್ತಿದ್ದುವು. ಕಾಡು ಕಡಿದು ನೆಲ ಉತ್ತವರ ಮೊಮ್ಮಕ್ಕಳು ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಹೊಸ ನೆಲದ ಗಡಿರೇಖೆ ಇನ್ನು ಉಳಿದಿಲ್ಲವೆಂದು 1890ರ ಜನಗಣತಿಯೇ ಸಾರಿತು. ಅಂತರ್ಯುದ್ಧದಲ್ಲಿ ಕಾದಿದವರು ಮುದುಕರಾಗಿದ್ದರು. ಅವರ ಮಕ್ಕಳು ಯುದ್ಧವನ್ನು ಕಂಡವರಲ್ಲ. ತಮ್ಮಲ್ಲಿ ತಂದೆತಾತಂದಿರ ಕಸುವು ಉಳಿದಿದೆಯೇ ಎಂಬ ಒಳಗಿನ ಅಳುಕಿಗೆ ಉತ್ತರ ಹುಡುಕುತ್ತಿದ್ದ ಇಂತಹ ಗಂಡಸರೇ ಬಹುಪಾಲು ಮತದಾರರು. ಅವರ ಮುಂದೆ ರೂಸ್‌ವೆಲ್ಟ್ ತನ್ನ ಮೈಯನ್ನೇ ಉತ್ತರವಾಗಿ ನಿಲ್ಲಿಸಿದ. ಪೇಟೆಯ ಹುಡುಗ, ರೋಗಿಷ್ಠ, ಕನ್ನಡಕದವನು. ಇವನಿಗೆ ಸಾಧ್ಯವಾದದ್ದು ತಮಗೇಕಾಗದು? ಹುಟ್ಟಿನಿಂದಲೇ ಜಟ್ಟಿಯಾದವನಿಗೆ ಈ ಆಕರ್ಷಣೆ ಬರುತ್ತಿರಲಿಲ್ಲ.

1898ರಲ್ಲಿ ಸ್ಪೇನಿನೊಡನೆ ಯುದ್ಧ ಒದಗಿತು. ನೌಕಾಖಾತೆಯಲ್ಲಿದ್ದ ದೊಡ್ಡ ಹುದ್ದೆಯನ್ನು ಬಿಟ್ಟು ರೂಸ್‌ವೆಲ್ಟ್ ಸ್ವಯಂಸೈನಿಕರ ದಳವನ್ನು ಸೇರಿದ. ದನಗಾಹಿಗಳೂ ಕಾಲೇಜಿನ ಶ್ರೀಮಂತ ತರುಣರೂ ಕೂಡಿದ್ದ ಆ ದಳ 'ರಫ್ ರೈಡರ್ಸ್' ಎಂದು ಖ್ಯಾತವಾಯಿತು. ಹೊರಡುವ ಮುನ್ನ ನ್ಯೂಯಾರ್ಕಿನ ದರ್ಜಿಗಳಿಂದ ಸಮವಸ್ತ್ರ ಹೊಲಿಸಿದ. ಒಂದು ಒಡೆದರೆ ಇನ್ನೊಂದಿರಲೆಂದು ಹಲವು ಜೊತೆ ಕನ್ನಡಕಗಳನ್ನು ಕಟ್ಟಿಕೊಂಡ. ಜುಲೈ 1ರಂದು ಕ್ಯೂಬಾದ ಸ್ಯಾನ್ ವಾನ್ ದಿಬ್ಬಗಳ ಮೇಲೆ ಗುಂಡಿನ ಮಳೆಯ ನಡುವೆ, ಕುದುರೆಯ ಮೇಲೆ ಕುಳಿತು ಎಲ್ಲರ ಕಣ್ಣಿಗೂ ಕಾಣುವಂತೆ ನುಗ್ಗಿದ. ಧೈರ್ಯ ನಿಜವಾದದ್ದೇ. ಆದರೆ ಅದೇ ದಿಬ್ಬವನ್ನು ಅವನ ಮಗ್ಗುಲಲ್ಲೇ ಏರಿದ ಕಪ್ಪು ಜನಾಂಗದ ಸೈನಿಕರ 9ನೆಯ ಮತ್ತು 10ನೆಯ ಅಶ್ವದಳಗಳ ಹೆಸರು ಮನೆಮಾತಾಗಲಿಲ್ಲ. ಮರುವರ್ಷ ಬರೆದ ಗ್ರಂಥದಲ್ಲಿ ರೂಸ್‌ವೆಲ್ಟನೇ ಕಪ್ಪು ಸೈನಿಕರ ಶೌರ್ಯವನ್ನು ಕುಗ್ಗಿಸಿ ಬರೆದ. ಪೌರುಷದ ಕೀರ್ತಿಯನ್ನು ಹಂಚಿಕೊಳ್ಳುವುದು ಕಲಿಗಳಿಗೂ ಕಷ್ಟವೆಂದು ತೋರುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ರಾಜ್ಯಪಾಲನ ಚುನಾವಣೆ. ಅಭ್ಯರ್ಥಿಯ ರೈಲು ಊರಿಂದೂರಿಗೆ ಸಾಗಿತು. ಬೋಗಿಯಲ್ಲಿ ಸಮವಸ್ತ್ರಧಾರಿಗಳಾದ ರಫ್ ರೈಡರುಗಳು. ಭಾಷಣಕ್ಕೆ ಮುಂಚೆ ರಣಕಹಳೆ! ಇಷ್ಟೆಲ್ಲ ಆಡಂಬರದ ಬಳಿಕವೂ ಗೆಲುವಿನ ಅಂತರ ಕೇವಲ ಹದಿನೇಳು ಸಾವಿರ ಚಿಲ್ಲರೆ ಮತಗಳು. ಕಹಳೆ ಇಲ್ಲದಿದ್ದರೆ ಆತ ಸೋಲುತ್ತಿದ್ದನೆನ್ನಬಹುದು. ಕಹಳೆಯೊಂದರಿಂದಲೇ ಜನ ಪ್ರವಾಹವಾಗಿ ಹರಿದುಬಂದರೆನ್ನುವಂತಿಲ್ಲ.

1900ರಲ್ಲಿ ಉಪಾಧ್ಯಕ್ಷನಾಗಿ ಆಯ್ಕೆಯಾದ. 1901ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿ ಹಂತಕನ ಗುಂಡಿಗೆ ಬಲಿಯಾದಾಗ ನಲವತ್ತೆರಡರ ವಯಸ್ಸಿನಲ್ಲಿ ದೇಶದ ಚುಕ್ಕಾಣಿ ಹಿಡಿದ. ಶ್ವೇತಭವನದಲ್ಲಿ ಮುಷ್ಟಿಯುದ್ಧ, ಜಪಾನೀ ಗುರುವಿನಿಂದ ಕುಸ್ತಿಯ ಅಭ್ಯಾಸ! 1902ರಲ್ಲಿ ಮಿಸ್ಸಿಸಿಪ್ಪಿಯ ಬೇಟೆಯಲ್ಲಿ, ಕಟ್ಟಿಹಾಕಿದ್ದ ಕರಡಿಯ ಮೇಲೆ ಗುಂಡು ಹಾರಿಸಲು ಆತ ಒಪ್ಪಲಿಲ್ಲ. ಅದರ ವ್ಯಂಗ್ಯಚಿತ್ರ ಪತ್ರಿಕೆಯಲ್ಲಿ ಬಂದು, ಇಂದು ಮನೆಮನೆಯ ಮಕ್ಕಳೂ ಅಪ್ಪಿ ಮಲಗುವ 'ಟೆಡ್ಡಿ' ಕರಡಿಗೆ ಅವನ ಮುದ್ದಿನ ಹೆಸರು ಅಂಟಿತು. ಬೇಟೆಗಾರನಿಗೆ ನೂರು ಕರಡಿ ಕೊಂದರೂ ಸಿಗದ ಪ್ರೀತಿ ಒಂದನ್ನು ಕೊಲ್ಲದೆ ಬಿಟ್ಟದ್ದರಿಂದ ಸಿಕ್ಕಿತು. ಕಲ್ಲಿದ್ದಲ ಗಣಿಗಳ ಮುಷ್ಕರವನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಿದ್ದು, ರೈಲ್ವೆ ಕಂಪನಿಗಳ ಕೂಟದ ಮೇಲೆ ಮೊಕದ್ದಮೆ ಹೂಡಿದ್ದು ಅದೇ ವರ್ಷ. 1904ರ ಚುನಾವಣೆಯ ಭಾರಿ ವಿಜಯಕ್ಕೆ ಈ ಕೆಲಸಗಳು ಮುಷ್ಟಿಯುದ್ಧಕ್ಕಿಂತ ಕಡಮೆ ಕಾರಣವಲ್ಲ.

ಆದರೆ ಆ ಚಿತ್ರಕ್ಕೆ ತೆರಬೇಕಾದ ಬೆಲೆಯಿತ್ತು. ಶ್ವೇತಭವನದ ಮುಷ್ಟಿಯುದ್ಧದಲ್ಲಿ ಬಿದ್ದ ಒಂದು ಪೆಟ್ಟಿನಿಂದ ಅವನ ಎಡಗಣ್ಣು ಹಾಳಾಗಿ, ಕ್ರಮೇಣ ದೃಷ್ಟಿ ನಂದಿಹೋಯಿತು. ದೇಶಕ್ಕೆ ಇದು ತಿಳಿಯಲಿಲ್ಲ. 1917ರವರೆಗೂ ಗುಟ್ಟಾಗಿಯೇ ಉಳಿಯಿತು.

1912ರಲ್ಲಿ ಹಳೆಯ ಪಕ್ಷದೊಡನೆ ಜಗಳವಾಡಿ ಹೊಸ ಪಕ್ಷದಿಂದ ಅಧ್ಯಕ್ಷತೆಗೆ ನಿಂತ. ಅಕ್ಟೋಬರ್ 14ರಂದು ಮಿಲ್ವಾಕಿ ನಗರದಲ್ಲಿ ಸಭೆಗೆ ಹೊರಡುವಾಗ ಒಬ್ಬಾತ ಎದೆಗೆ ಗುಂಡು ಹೊಡೆದ. ಕಿಸೆಯಲ್ಲಿದ್ದ ಐವತ್ತು ಹಾಳೆಗಳ ಭಾಷಣದ ಕಟ್ಟನ್ನೂ ಕನ್ನಡಕದ ಲೋಹದ ಪೆಟ್ಟಿಗೆಯನ್ನೂ ತೂರಿ ಬಂದ ಗುಂಡಿನ ವೇಗ ಕುಂದಿತ್ತು. ಜೀವಮಾನವೆಲ್ಲ ಅವಮಾನಕ್ಕೆ ಗುರಿಮಾಡಿದ ಕನ್ನಡಕ ಜೀವ ಉಳಿಸಿತು! ಆಸ್ಪತ್ರೆಗೆ ಹೋಗಲು ಒಪ್ಪದೆ, ರಕ್ತ ಸೋರುತ್ತಿದ್ದ ಅಂಗಿಯನ್ನು ಜನರಿಗೆ ತೋರಿಸಿ, ಒಂದು ಗಂಟೆಗೂ ಮೀರಿ ಮಾತನಾಡಿದ. ಇದಕ್ಕಿಂತ ದೊಡ್ಡ ಪೌರುಷ ಪ್ರದರ್ಶನ ಚುನಾವಣೆಗಳ ಇತಿಹಾಸದಲ್ಲಿ ಸಿಕ್ಕುವುದು ದುರ್ಲಭ.

ಮೂರು ವಾರಗಳ ನಂತರ ಮತಗಳನ್ನು ಎಣಿಸಿದಾಗ ರೂಸ್‌ವೆಲ್ಟನಿಗೆ ದೊರೆತದ್ದು ನೂರಕ್ಕೆ 27ರಷ್ಟು. ಎಂದೂ ಬಂದೂಕು ಹಿಡಿದು ಯುದ್ಧಕ್ಕೆ ಹೋಗದ ಕಾಲೇಜು ಪ್ರಾಧ್ಯಾಪಕ ವುಡ್ರೋ ವಿಲ್ಸನ್ 42ರಷ್ಟನ್ನು ಪಡೆದು ಗೆದ್ದ. ಜನ ಮೆಚ್ಚಿದರು, ಮರುಗಿದರು. ಬಹುಪಾಲು ಜನ ಮತವನ್ನು ಮಾತ್ರ ಬೇರೆಡೆ ಹಾಕಿದರು. ಸ್ತ್ರೀಯರಿಗೆ ಮತದಾನದ ಹಕ್ಕಿದ್ದ ಸಂಸ್ಥಾನಗಳು ಆಗ ಆರು. ಗಂಡುಗಲಿಯ ಹೊಸ ಪಕ್ಷ ದೇಶಕ್ಕೆಲ್ಲ ಆ ಹಕ್ಕು ಬೇಕೆಂದಿತ್ತು. ಸಮಾಜಸೇವಕಿ ಜೇನ್ ಆಡಮ್ಸ್ ಅವನ ಹೆಸರನ್ನು ಅನುಮೋದಿಸಿ ಭಾಷಣ ಮಾಡಿದ್ದಳು. ಆ ಆರರಲ್ಲಿ ರೂಸ್‌ವೆಲ್ಟ್ ಗೆದ್ದದ್ದು ಎರಡನ್ನು.

ತಂದೆಯ ಪಾಠವನ್ನು ಮಕ್ಕಳೂ ಕಲಿತಿದ್ದರು. ಮೊದಲ ಮಹಾಯುದ್ಧಕ್ಕೆ ನಾಲ್ವರು ಗಂಡುಮಕ್ಕಳೂ ಹೋದರು. ಕಿರಿಯವನಾದ ಕ್ವೆಂಟಿನ್ ವೈಮಾನಿಕನಾಗಿ 1918ರ ಜುಲೈ 14ರಂದು ಫ್ರಾನ್ಸಿನಲ್ಲಿ ಮಡಿದ, ವಯಸ್ಸು ಇಪ್ಪತ್ತು. ಆರು ತಿಂಗಳು ತುಂಬುವ ಮೊದಲೇ, 1919ರ ಜನವರಿ 6ರಂದು, ತಂದೆಯೂ ನಿದ್ದೆಯಲ್ಲಿಯೇ ತೀರಿಕೊಂಡ.

ಆ ಮನೆತನದ ದೂರದ ದಾಯಾದಿ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಪೋಲಿಯೊ ತಗುಲಿ ಕಾಲುಗಳ ಶಕ್ತಿ ಕಳೆದುಕೊಂಡ. ಉಕ್ಕಿನ ಪಟ್ಟಿಗಳನ್ನು ಕಾಲಿಗೆ ಬಿಗಿದು, ಮಗನ ತೋಳು ಹಿಡಿದು, ನಾಲ್ಕು ಹೆಜ್ಜೆ ನಡೆದಂತೆ ತೋರಿಸುವುದನ್ನು ಅಭ್ಯಾಸ ಮಾಡಿದ. ಗಾಲಿಕುರ್ಚಿಯ ಚಿತ್ರ ತೆಗೆಯದಂತೆ ಕಾವಲಿನವರು ನೋಡಿಕೊಂಡರು. ನಾಲ್ಕು ಸಲ ಅಧ್ಯಕ್ಷನಾಗಿ ಆರಿಸಿಬಂದ. 1945ರ ಮಾರ್ಚ್ 1ರಂದು ಕಾಂಗ್ರೆಸ್ ಸಭೆಯ ಮುಂದೆ ಕುಳಿತೇ ಭಾಷಣ ಮಾಡಿ, ಕಾಲಿನ ಉಕ್ಕಿನ ಭಾರವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿ, ಕುಳಿತದ್ದಕ್ಕೆ ಸದಸ್ಯರ ಕ್ಷಮೆ ಕೋರಿದ. ಆಗ ಅವನ ಬದುಕಿನಲ್ಲಿ ಉಳಿದಿದ್ದುವು ಆರೇ ವಾರಗಳು.