ಸಿ.ಟಿ., ಎಕ್ಸ್-ರೇ ಕಡತಗಳನ್ನು ಗಣಕಯಂತ್ರಕ್ಕೆ ಸೇರಿಸಿಕೊಳ್ಳುವ ಕ್ರಮ

ಕಲಘಟಗಿ, ಕುಂದಗೋಳ, ನವಲಗುಂದ ತಾಲೂಕುಗಳಿಂದ ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ.ಗೆ (ಹಿಂದಿನ ಕಿಮ್ಸ್) ತೆರಳುವ ರೋಗಿಗಳು ತಮ್ಮ ಚಿತ್ರಗಳನ್ನು ಸಿ.ಡಿ.ಯಲ್ಲಿ ಒಯ್ಯುವುದುಂಟು. ಇವು 1993ರಿಂದ ‘ಡೈಕಾಮ್’ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾನಕದ ಕಡತಗಳಾಗಿದ್ದು, ಚಿತ್ರದೊಂದಿಗೇ ರೋಗಿಯ ಹೆಸರು, ಗುರುತಿನ ಸಂಖ್ಯೆ, ಜನ್ಮದಿನಾಂಕಗಳನ್ನೂ ಒಳಗೊಂಡಿರುತ್ತವೆ.

ಗುರುತಿನ ಸಂಖ್ಯೆಯನ್ನು ಆಯಾ ಆಸ್ಪತ್ರೆಯೇ ನೀಡುವುದರಿಂದ, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಒಂದೇ ಸಂಖ್ಯೆಯು ಇಬ್ಬರಿಗೆ ದೊರೆತಿರಬಹುದು. ತಂತ್ರಾಂಶವು ಸಂಖ್ಯೆಯನ್ನಷ್ಟೇ ಹೋಲಿಸಿದಲ್ಲಿ ಒಬ್ಬರ ಚಿತ್ರವು ಮತ್ತೊಬ್ಬರ ದಾಖಲೆಗೆ ಸೇರಿ, ಚಿಕಿತ್ಸೆಯೇ ತಪ್ಪುವ ಅಪಾಯವಿದೆ. ಆದುದರಿಂದ ಸಿಬ್ಬಂದಿಯು ಈ ಕೆಳಗಿನಂತೆ ಕ್ರಮ ವಹಿಸತಕ್ಕದ್ದು:

1. ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಸಂಖ್ಯೆಯ ಜೊತೆಗೆ ಹೆಸರು, ಜನ್ಮದಿನಾಂಕ, ಲಿಂಗಗಳನ್ನೂ ಹೋಲಿಸುವ ಆಯ್ಕೆಯನ್ನು ಗುರುತಿಸುವುದು.

2. ವಿವರಗಳು ತಾಳೆಯಾಗದ ಕಡತವು ತಾನಾಗಿಯೇ ಸೇರ್ಪಡೆಯಾಗದೆ, ಪರಿಶೀಲನೆಗಾಗಿ ಪ್ರತ್ಯೇಕವಾಗಿ ಉಳಿಯುವಂತೆ ಹೊಂದಿಸುವುದು.

3. ಕನ್ನಡದಲ್ಲಿರುವ ಹೆಸರು ವಿಕೃತವಾಗಿ ಕಂಡಲ್ಲಿ, ಅಕ್ಷರ ಸಂಕೇತವು ಯೂನಿಕೋಡ್ (ಐ.ಎಸ್.ಒ. ಐ.ಆರ್. 192) ಆಗಿದೆಯೇ ಎಂದು ನೋಡುವುದು.

4. ಪರಿಶೀಲನೆಯ ನಂತರ ತಮ್ಮ ಆಸ್ಪತ್ರೆಯ ಸಂಖ್ಯೆಯನ್ನು ಪ್ರತಿಯಲ್ಲಿ ಮಾತ್ರ ನಮೂದಿಸಿ, ಮೂಲ ಸಿ.ಡಿ.ಯನ್ನು ರೋಗಿಗೆ ಹಿಂದಿರುಗಿಸುವುದು.

ಸಂದೇಹವಿದ್ದಲ್ಲಿ ಚಿತ್ರ ತೆಗೆದ ಆಸ್ಪತ್ರೆಯಿಂದ ಖಚಿತಪಡಿಸಿಕೊಳ್ಳತಕ್ಕದ್ದು. ತುರ್ತು ಸಂದರ್ಭದಲ್ಲಿ, ಗುರುತಿನ ಪರಿಶೀಲನೆ ಬಾಕಿ ಇರುವುದನ್ನು ವೈದ್ಯರ ಗಮನಕ್ಕೆ ತಂದೇ ಚಿತ್ರವನ್ನು ತೋರಿಸತಕ್ಕದ್ದು.