ನಿಮಗಿದು ಗೊತ್ತೇ? ಬೀಜಿಂಗ್‌ನಲ್ಲಿ ಕೈಕುಲುಕು, ಹನೋಯ್‌ನಲ್ಲಿ ಕಸಿವಿಸಿ

■ 1971ರ ಜುಲೈ. ಅಮೆರಿಕದ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ದೆಹಲಿ ಮುಗಿಸಿ ಪಾಕಿಸ್ತಾನಕ್ಕೆ ಬಂದರು. ‘ಸಾಹೇಬರಿಗೆ ಹೊಟ್ಟೆನೋವು, ನಥಿಯಾಗಲಿ ಗಿರಿಧಾಮದಲ್ಲಿ ವಿಶ್ರಾಂತಿ’ ಎಂದು ಸುದ್ದಿ ಹಬ್ಬಿಸಿ, ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಗಡಿಬಿಡಿಯಲ್ಲಿ ಮರೆತದ್ದು ಅಂಗಿಗಳನ್ನು! ತಮಗಿಂತ ಬಹಳ ಎತ್ತರದ ಸಹಾಯಕ ಜಾನ್ ಹೋಲ್ಡ್ರಿಜ್ ಅವರ ದೊಗಳೆ ಅಂಗಿಯನ್ನೇ ಎರವಲು ಪಡೆದು ತೊಟ್ಟರು. ಅದರ ಕಾಲರ್‌ ಪಟ್ಟಿ ನೋಡಿದರೆ, ತಯಾರಾದದ್ದು ತೈವಾನಿನಲ್ಲಿ. ಅದೇ ವರ್ಷ ಅಕ್ಟೋಬರ್ 25ರಂದು ವಿಶ್ವಸಂಸ್ಥೆಯಲ್ಲಿ ತೈವಾನಿನ ಕುರ್ಚಿ ಚೀನಾದ ಪಾಲಾಯಿತು.

■ ಆಗ ಉತ್ತರ ವಿಯೆಟ್ನಾಂ ಅಮೆರಿಕದ ಬಾಂಬುಗಳನ್ನು ಎದುರಿಸುತ್ತಿದ್ದದ್ದು ಚೀನಾ, ಸೋವಿಯತ್ ಒಕ್ಕೂಟಗಳ ಬಲದಿಂದ. 1965ರಿಂದ ಸರದಿಯಂತೆ 3 ಲಕ್ಷಕ್ಕೂ ಹೆಚ್ಚು ಚೀನೀ ಸೈನಿಕರು ಅಲ್ಲಿ ರಸ್ತೆ, ರೈಲು ಹಳಿಗಳನ್ನು ದುರಸ್ತಿ ಮಾಡಿದ್ದರು, ವಿಮಾನಗಳಿಗೆ ಗುಂಡಿಕ್ಕಿದ್ದರು. 1,000ಕ್ಕೂ ಹೆಚ್ಚು ಮಂದಿ ಸತ್ತಿದ್ದರು.

■ ಕಿಸಿಂಜರ್ ಬೀಜಿಂಗ್‌ನಿಂದ ಹೊರಟದ್ದು ಜುಲೈ 11ಕ್ಕೆ. 13ಕ್ಕೆ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಉತ್ತರ ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಹಾಜರ್, ಸಮಜಾಯಿಷಿ ಕೊಡಲು. 15ಕ್ಕೆ ಅಮೆರಿಕದ ಅಧ್ಯಕ್ಷ ನಿಕ್ಸನ್ ತಾವು ಚೀನಾಕ್ಕೆ ಹೋಗುವುದನ್ನು ಟಿ.ವಿ.ಯಲ್ಲಿ ಜಗತ್ತಿಗೇ ಸಾರಿದರು.

■ ಹನೋಯ್‌ನ ಪಕ್ಷದ ಪತ್ರಿಕೆ ‘ನ್ಯಾನ್ ಝಾನ್’ ಚೀನಾದ ಹೆಸರೆತ್ತದೆಯೇ ಚುಚ್ಚಿ ಬರೆಯಿತು. ಅನ್ನ ಕೊಡುವವರನ್ನು ಹೆಸರು ಹಿಡಿದು ಬೈಯುವುದು ಹೇಗೆ? ನವೆಂಬರ್‌ನಲ್ಲಿ ಉತ್ತರ ವಿಯೆಟ್ನಾಂ ಪ್ರಧಾನಿ ಫಾಮ್ ವಾನ್ ಡಾಂಗ್ ಬೀಜಿಂಗ್‌ಗೇ ಹೋಗಿಬಂದರು. ನಿಕ್ಸನ್ ಭೇಟಿ ಮಾತ್ರ ರದ್ದಾಗಲಿಲ್ಲ. 1972ರ ಫೆಬ್ರುವರಿ 21ಕ್ಕೆ ಅವರು ಬೀಜಿಂಗ್‌ನಲ್ಲಿ ಇಳಿದರು.

■ ಹಾಗಾದರೆ ಚೀನಾದ ನೆರವು ನಿಂತಿತೇ? ಇಲ್ಲ, ಹೆಚ್ಚಾಯಿತು! ಮಿತ್ರನ ಬಾಯಿ ಮುಚ್ಚಿಸಲೋ, ಅವನು ಪೂರ್ತಿ ಮಾಸ್ಕೋ ಕಡೆ ವಾಲದಿರಲೆಂದೋ. ಎರಡೂ ಇರಬೇಕು. ಬಂದೂಕು ಬಂತು, ನಂಬಿಕೆ ಹೋಯಿತು.

■ ಮಾಸ್ಕೋ ಏನು ಕಮ್ಮಿಯೇ? 1972ರ ಮೇ 8ರಂದು ನಿಕ್ಸನ್ ಉತ್ತರ ವಿಯೆಟ್ನಾಂನ ಹೈಫಾಂಗ್ ಬಂದರಿನ ನೀರಿನಲ್ಲಿ ಸ್ಫೋಟಕ ಮೈನ್‌ಗಳನ್ನು ಹಾಕಿಸುವುದಾಗಿ ಘೋಷಿಸಿದರು. ಬಂದರಿನಲ್ಲಿ ಸೋವಿಯತ್ ಹಡಗುಗಳೂ ಇದ್ದವು. ಎರಡು ವಾರದಲ್ಲಿ ಅದೇ ನಿಕ್ಸನ್‌ಗೆ ಕ್ರೆಮ್ಲಿನ್‌ನಲ್ಲಿ ಸ್ವಾಗತ, ಕ್ಷಿಪಣಿ ಒಪ್ಪಂದಕ್ಕೆ ಸಹಿ.

■ ಅಮೆರಿಕವನ್ನು ನಂಬಿದ ದಕ್ಷಿಣ ವಿಯೆಟ್ನಾಂ ಪಾಡೂ ಅಷ್ಟೇ. 1974ರ ಜನವರಿಯಲ್ಲಿ ಚೀನಾ ಅದರಿಂದ ಪ್ಯಾರಾಸೆಲ್ ದ್ವೀಪಗಳನ್ನು ಕಿತ್ತುಕೊಂಡಾಗ ಅಮೆರಿಕದ ನೌಕಾಪಡೆ ನೆರವಿಗೆ ಬರಲಿಲ್ಲ.

■ ಚೀನಾ-ಅಮೆರಿಕ ನಡುವೆ ರಾಜತಾಂತ್ರಿಕ ಸಂಬಂಧ ಕುದುರಿದ್ದು 1979ರ ಜನವರಿ 1ಕ್ಕೆ. ಫೆಬ್ರುವರಿ 17ಕ್ಕೆ ಚೀನಾದ ಸೇನೆ ವಿಯೆಟ್ನಾಂಗೆ ನುಗ್ಗಿತು! ಆ ಹೊತ್ತಿಗೆ ಚೀನಾ ಪ್ರವಾಸದಲ್ಲಿದ್ದ ನಮ್ಮ ವಿದೇಶಾಂಗ ಸಚಿವ ಅಟಲ್ ಬಿಹಾರಿ ವಾಜಪೇಯಿ ಭೇಟಿ ಮೊಟಕುಗೊಳಿಸಿ ದೆಹಲಿಗೆ ಮರಳಿದರು.