ಪಿಎಫ್‌ಎಎಸ್ ಮಾಪನ

ಪಿಎಫ್‌ಎಎಸ್ ಮಾಪನವು ನೀರು, ಮಣ್ಣು ಮತ್ತು ಜೀವಿಗಳಲ್ಲಿರುವ ಪರ್‌ಫ್ಲೋರೊಆಲ್ಕೈಲ್ ಹಾಗೂ ಪಾಲಿಫ್ಲೋರೊಆಲ್ಕೈಲ್ ಸಂಯುಕ್ತಗಳ ಪ್ರಮಾಣವನ್ನು ಅಳೆಯುವ ಕ್ರಿಯೆಯಾಗಿದೆ. ಇಂಗಾಲ-ಫ್ಲೋರಿನ್ ಬಂಧವು ಅತ್ಯಂತ ಬಲವಾಗಿರುವುದರಿಂದ ಇವು ಪರಿಸರದಲ್ಲಿ ಸುಲಭವಾಗಿ ವಿಘಟನೆಯಾಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಈ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗಳಿಗೆ ಕುಡಿಯುವ ನೀರಿನಲ್ಲಿ ಲೀಟರಿಗೆ ತಲಾ 4 ನ್ಯಾನೊಗ್ರಾಂ ಮಿತಿಯನ್ನು ನಿಗದಿಪಡಿಸಿತು.

ಇಷ್ಟು ಅಲ್ಪ ಪ್ರಮಾಣವನ್ನು ಪತ್ತೆಹಚ್ಚಲು ನೀರಿನ ಮಾದರಿಯನ್ನು ಘನ ಹೀರಕದ ಮೂಲಕ ಹಾಯಿಸಿ, ಸಾಂದ್ರಗೊಳಿಸಿ, ದ್ರವ ಕ್ರೊಮ್ಯಾಟೊಗ್ರಫಿ ಮತ್ತು ದ್ರವ್ಯರಾಶಿ ರೋಹಿತಮಾಪಕದ ನೆರವಿನಿಂದ ವಿಶ್ಲೇಷಿಸಲಾಗುತ್ತದೆ. ಟೆಫ್ಲಾನ್ ಭಾಗಗಳಿರುವ ಉಪಕರಣಗಳಿಂದಲೇ ಮಾದರಿಯು ಕಲುಷಿತಗೊಳ್ಳಬಹುದು. ಆದ್ದರಿಂದ ಪಾಲಿಪ್ರೊಪಿಲೀನ್ ಬಾಟಲಿಗಳನ್ನು ಬಳಸಿ, ಹೋಲಿಕೆಗಾಗಿ ಶುದ್ಧ ನೀರಿನ ಮಾದರಿಯನ್ನೂ ಪರೀಕ್ಷಿಸಲಾಗುತ್ತದೆ.

ಈ ಗುಂಪಿನಲ್ಲಿ ಸಾವಿರಾರು ಸಂಯುಕ್ತಗಳಿದ್ದರೂ, ಅದೇ ಸಂಸ್ಥೆಯ ‘ವಿಧಾನ 533’ ಕೇವಲ 25 ಸಂಯುಕ್ತಗಳನ್ನು ಅಳೆಯುತ್ತದೆ. ಹೀಗಾಗಿ ‘ಪತ್ತೆಯಾಗಿಲ್ಲ’ ಎಂಬ ಫಲಿತಾಂಶವು ನೀರು ಪಿಎಫ್‌ಎಎಸ್‌ನಿಂದ ಸಂಪೂರ್ಣ ಮುಕ್ತವಾಗಿದೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ.